ನಮ್ಮ ಲೆಕ್ಕದ ಮೇಷ್ಟ್ರು ಇದ್ದ ಜಾಗ

ಭದ್ರಾವತಿ ಓಲ್ಡ್ ಟೌನಿನಲ್ಲಿ ನನ್ನಷ್ಟು ಉದ್ದ ನೂಲು ತೆಗೆದವನು ಇನ್ನೊಬ್ಬ ಹುಟ್ಟಿಲ್ಲ. ಎಸ್.ಎಸ್.ಎಲ್.ಸಿ. ವರ್ಷ ನಾನು ತೆಗೆದ ನೂಲನ್ನೆಲ್ಲ ಗಂಟು ಹಾಕ್ತಾ ಹೋಗಿದ್ರೆ ಶಿವಮೊಗ್ಗ ಮುಟ್ಟಿ, ತುಂಗಾ ಸೇತುವೆಗೊಂದು ಸುತ್ತು ಹಾಕಿ, ವಾಪಸ್ಸು ನಮ್ಮನೆ ಹಿತ್ತಲಿಗೆ ಬಂದು ಬಟ್ಟೆ ಒಣಗಿಸೋ ಹಗ್ಗ ಆಗ್ತಿತ್ತು. ಅಷ್ಟನ್ನೂ ತೆಗೆದದ್ದು ಲೆಕ್ಕದ ಪೀರಿಯಡ್ಡಿನಲ್ಲಿ.

ಲೆಕ್ಕದ ಪೀರಿಯಡ್ಡಿನಲ್ಲಿ ನೂಲು ಯಾಕೆ ಅಂತ ನನ್ನನ್ನ ಕೇಳಬೇಡಿ, ಸರ್ಕಾರನ ಕೇಳಿ. ನಮ್ಮದು ಮೊದಲು ಮಿಡ್ಲ್ ಸ್ಕೂಲು. ಒಂದು ದಿನ ಮಂತ್ರಿಗಳು ಬಂದು, ಇವತ್ತಿಂದ ಇದು ಹೈಸ್ಕೂಲು ಅಂತ ಹೇಳಿ, ಎಳನೀರು ಕುಡಿದು, ಕಾರು ಹತ್ತಿದ್ರು. ಪೇಂಟರು ಬಂದು ಬೋರ್ಡಿನ ಮೇಲೆ ಹಳೇ ಹೆಸರು ಅಳಿಸಿ ಪ್ರೌಢಶಾಲೆ ಅಂತ ಬರೆದ. ಅಲ್ಲಿಗೆ ಬೋರ್ಡು ಒಂದು ಪ್ರೌಢ ಆಯ್ತು. ಆಮೇಲೆ ಸಾಮಾನು ಬರೋಕೆ ಶುರುವಾಯ್ತು. ಸೈನ್ಸಿಗೆ ಗಾಜಿನ ಕೊಳವೆ ಬಂದವು, ಸೈನ್ಸ್ ಮೇಷ್ಟ್ರು ಬರಲಿಲ್ಲ. ಗ್ಲೋಬ್ ಬಂತು, ಬರುವಾಗಲೇ ಆಸ್ಟ್ರೇಲಿಯಾ ಇರೋ ಕಡೆ ಒಂದು ತೂತಿತ್ತು. ಅದರೊಳಗೆ ಹಲ್ಲಿ ಸಂಸಾರ ಹೂಡಿತು. ಇನ್ಯಾವುದೋ ಸ್ಕೀಮಿನಲ್ಲಿ ಒಂದು ಮೂಟೆ ತಕಲಿ ಬಂದವು, ನೂಲು ತೆಗೆಯೋಕೆ. ಆ ತಕಲಿ ಜೊತೆಗೆ ಮಾತ್ರ, ಏನಾಶ್ಚರ್ಯವೋ, ಕ್ರಾಫ್ಟ್ ಮೇಷ್ಟ್ರೂ ಬಂದ್ರು. ಖಾಲಿ ಇದ್ದ ಪೀರಿಯಡ್ಡುಗಳಿಗೆಲ್ಲ ಅವರನ್ನೇ ಹಾಕಿದ್ರು. ಪಾಪ, ಒಳ್ಳೇ ಮನುಷ್ಯ. ಲೆಕ್ಕದ ಪೀರಿಯಡ್ಡಿಗೆ ಬಂದು, "ನನಗೆ ಬರೋದು ಇದೇ ಕಣ್ರಪ್ಪಾ" ಅಂತ ನೂಲೋಕೆ ಹತ್ತಿ ಹಂಜಿ ಹಂಚ್ತಿದ್ರು.

ಲೆಕ್ಕದ ಮೇಷ್ಟ್ರು ಯಾವಾಗ ಬರ್ತಾರೆ ಅಂತ ಹೆಡ್ ಮೇಷ್ಟ್ರನ್ನ ಕೇಳಿದ್ರೆ, ಅವರು ಆಗಲೇ ಬಂದಿದ್ದಾರೆ ಅಂತಿದ್ರು. ಎಲ್ಲಿ ಸಾರ್ ಅಂದ್ರೆ, ಜಾಯಿನ್ ಆಗಿದ್ದಾರೆ, ಬರ್ತಾರೆ ಅಂತಿದ್ರು. ಜಾಯಿನ್ ಆದವರು ಬರೋದು ಬಾಕಿ ಇರೋದು ಹೇಗೆ ಅಂತ ನಾವು ತಲೆ ಕೆಡಿಸಿಕೊಂಡೆವು. ಮೇಷ್ಟ್ರು ದೆವ್ವ ಇರಬೇಕು, ರಾತ್ರಿ ಬಂದು ಪಾಠ ಮಾಡಿ ಹೋಗ್ತಾರೆ ಅಂತ ನಾನು ಸುದ್ದಿ ಹಬ್ಬಿಸಿದೆ. ಒಂಬತ್ತನೇ ಕ್ಲಾಸಿನವರು ಸಾಯಂಕಾಲ ನಮ್ಮ ಕ್ಲಾಸ್ ರೂಮಿನ ಕಡೆ ಹೋಗೋದೇ ಬಿಟ್ಟರು.

ನನಗೆ ಲೆಕ್ಕ ಬರದಿದ್ರೆ ಆಕಾಶವೇನೂ ಬೀಳ್ತಿರಲಿಲ್ಲ. ಅಪ್ಪಂದು ಪೇಟೆಯಲ್ಲಿ ಕಿರಾಣಿ ಅಂಗಡಿ. ಫೇಲಾದ್ರೆ ಬೆಲ್ಲದ ಉಂಡೆಗಳ ಹಿಂದೆ ಕೂರಿಸಿ ನೊಣ ಓಡಿಸು ಅಂತಿದ್ರು. ನನ್ನ ಪಕ್ಕ ಕೂರ್ತಿದ್ದ ದೋಸ್ತನ ಸಂಗತಿ ಹಾಗಲ್ಲ. ಅವನ ಅಬ್ಬಾ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವರು, ದಮ್ಮು ಹತ್ತಿ ಮನೆ ಸೇರಿದ್ರು. ಹಾಸಿಗೆಯಲ್ಲಿ ಕೂತು ಉಸಿರು ಎಳೆದ್ರೆ ನಮಗೆ ಬೀದಿಗೆ ಕೇಳಿಸ್ತಿತ್ತು. ಮಗ ಎಸ್.ಎಸ್.ಎಲ್.ಸಿ. ಮುಗಿಸಿದ್ರೆ ಅಪ್ರೆಂಟಿಸ್ ಆಗಿ ತಗೋತಾರೆ ಅಂತ ಮಾತಾಗಿತ್ತು. ಆದ್ರೆ ಅಬ್ಬಾಗೆ ಕಾಯಿಲೆ ಜೋರಾದಾಗ ಇವನು ಸ್ಕೂಲು ಬಿಟ್ಟು ಮನೇಲಿದ್ದು ವರ್ಷ ಕಳೆದುಕೊಂಡಿದ್ದ. ಅದಕ್ಕೇ ಅವನು ಆ ಮಾರ್ಚಿಗೇ ಪಾಸಾಗಬೇಕು. ಮತ್ತೆ ಕಟ್ಟಿ ಬರೆಯೋ ಹೊತ್ತಿಗೆ ಅಪ್ರೆಂಟಿಸಿನ ವಯಸ್ಸು ದಾಟಿ ಹೋಗ್ತಿತ್ತು.

ಉಳಿದ ಸಬ್ಜೆಕ್ಟೆಲ್ಲ ಅವನು ಬಾಯಿಪಾಠ ಹೊಡೆದು ಎದ್ದು ಬರ್ತಿದ್ದ. ಆಲ್ಜೀಬ್ರಾನೂ ಹಾಗೇ ಹೊಡೆದ. ಯಾರದೋ ಹಳೇ ಗೈಡು ತಂದು ಲೆಕ್ಕದ ಉತ್ತರಗಳನ್ನ ಪದ್ಯದ ಹಾಗೆ ಒಪ್ಪಿಸ್ತಿದ್ದ. ಎಕ್ಸ್ ಬದಲು ವೈ ಅಂತ ನಾನು ಬರೆದು ಕೊಟ್ರೆ ಗುರುತೇ ಇಲ್ಲದವರ ಮನೆಗೆ ಹೊಕ್ಕವನ ಹಾಗೆ ನಿಂತುಬಿಡ್ತಿದ್ದ. ನಾನು ನಗ್ತಿದ್ದೆ. ಅವನು ನಗ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಅವನು, ಶಿವಮೊಗ್ಗದಲ್ಲಿರೋ ವಿದ್ಯಾ ಇಲಾಖೆಯ ದೊಡ್ಡ ಆಫೀಸಿಗೆ ಅರ್ಜಿ ಕೊಡೋಣ ಬಾ ಅಂದ. ತಾಲ್ಲೂಕು ಕಚೇರಿ ಮುಂದೆ ಮರದಡಿ ಅರ್ಜಿ ಬರೆಯೋ ಮುದುಕರೊಬ್ಬರು ಕೂರ್ತಿದ್ರು. ಗಡ್ಡ ಎಷ್ಟು ಉದ್ದ ಅಂದ್ರೆ ಅರ್ಧ ಅರ್ಜಿ ಅದರಿಂದಲೇ ಒರೆಸಿ ಹೋಗ್ತಿತ್ತು. ಅವರ ಮೊದಲನೇ ಸಾಲಿನಲ್ಲೇ ನಾವು ದಿಕ್ಕಿಲ್ಲದ ಅನಾಥ ಬಾಲಕರಾದೆವು. ನನಗೆ ಅಪ್ಪ ಇದ್ದಾರೆ, ದಿನಾ ಹೊಡೀತಾರೆ ಅಂದೆ. ಅರ್ಜಿಯಲ್ಲಿ ಅಪ್ಪ ಇದ್ದವರಿಗೆ ಯಾರೂ ಮರುಗೋದಿಲ್ಲ ಅಂತ ಬೈದ್ರು. ಕೊನೆಗೆ ಪ್ರತಿ ಬರೆದ್ರು, ಬೆಂಗಳೂರಿನ ದೊಡ್ಡ ಸಾಹೇಬರಿಗೊಂದು, ಮಂತ್ರಿಗಳಿಗೊಂದು. ಯಾಕೆ ಅಂದ್ರೆ, ಮೇಲಿನವರು ಕೇಳ್ತಾರೆ ಅನ್ನೋ ಹೆದರಿಕೆ ಇಲ್ಲದಿದ್ರೆ ಶಿವಮೊಗ್ಗದವರು ಅರ್ಜಿನ ಮಡಚಿ ಮೇಜಿನ ಕಾಲಿಗೆ ಇಡ್ತಾರಂತೆ. ಪ್ರತಿಗಳನ್ನ ಮೊದಲು ಪೋಸ್ಟಿಗೆ ಹಾಕಿ, ಆಮೇಲೆ ಅರ್ಜಿ ಹಿಡಿದು ಹೋಗಿ ಅಂದ್ರು. ಎಲ್ಲರೂ ಹಾಗೇ ಮಾಡೋದು. ನಾವೂ ಸ್ಟೇಷನ್ನಿನ ಕೆಂಪು ಡಬ್ಬಿಗೆ ಅವನ್ನ ಹಾಕಿ ರೈಲು ಹತ್ತಿದೆವು.

ಆ ರೈಲಿನ ಇಂಜಿನ್ನು ಉಗುಳಿದ ಮಸಿಗೆ ನಾವು ಶಿವಮೊಗ್ಗದಲ್ಲಿ ಇಳಿದಾಗ ನನ್ನ ಬಿಳಿ ಶರಟು ವಕೀಲರ ಕೋಟಾಗಿತ್ತು. ಆಫೀಸಿನಲ್ಲಿ ಮೇಜುಗಳು ಎಷ್ಟೋ, ಫೈಲುಗಳ ಹಿಂದೆ ತಲೆ ಇರೋದು ಗೊತ್ತಾಗಬೇಕಾದ್ರೆ ಯಾರಾದ್ರೂ ಕೆಮ್ಮಬೇಕಿತ್ತು. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದ ಜವಾನ ನಮ್ಮನ್ನ ಒಂದು ಮೂಲೆ ಮೇಜಿಗೆ ಕಳಿಸಿದ. ಅಲ್ಲಿ ಸಣಕಲು ಮನುಷ್ಯ ಒಬ್ಬರು ದೊಡ್ಡ ಹಾಳೆ ಹರಡಿಕೊಂಡು ಸ್ಕೇಲಿಟ್ಟು ಗೆರೆ ಹಾಕ್ತಿದ್ರು. ಜಿಲ್ಲೆಯಲ್ಲಿ ಯಾವ ಯಾವ ಸ್ಕೂಲಿಗೆ ಮೇಷ್ಟ್ರಿಲ್ಲ ಅಂತ ಬರೆಯೋ ಕೆಲಸ ಅವರದಂತೆ. ಸರಿಯಾದ ಜಾಗಕ್ಕೇ ಬಂದಿದ್ದೀವಿ ಅಂತ ನಾನು ದೋಸ್ತನ ಪಕ್ಕೆಗೆ ತಿವಿದೆ.

ಅವರು ಅರ್ಜಿ ಓದಿದ್ರು. ಇನ್ನೊಂದು ಸಲ ಓದಿದ್ರು. ನಮ್ಮ ಮುಖ ನೋಡಲಿಲ್ಲ.

"ಆ ಮೇಷ್ಟ್ರು ನಿಮ್ಮ ಕೈಗೆ ಸಿಕ್ಕಿದ್ರೆ ಏನ್ ಮಾಡ್ತೀರಿ?" ಅಂದ್ರು.

ಇಂಥಾ ಪ್ರಶ್ನೆ ಕೇಳಿದ್ರೆ ನಾನು ಬಿಡ್ತೀನಾ. ಮೊದಲು ಮಾಲೆ ಹಾಕಿ ಎತ್ತಿನ ಗಾಡಿಯಲ್ಲಿ ಮೆರವಣಿಗೆ ಮಾಡ್ತೀವಿ ಸಾರ್, ಆಮೇಲೆ ಅದೇ ಗಾಡಿಗೆ ಕಟ್ಟಿ ಭದ್ರಾ ಹೊಳೆಗೆ ಇಳಿಸ್ತೀವಿ, ಕ್ಲಾಸಿನ ಹುಡುಗರೆಲ್ಲ ತೆಗೆದ ನೂಲು ಇದೆ, ಹಗ್ಗಕ್ಕೇನೂ ಬರ ಇಲ್ಲ ಅಂದೆ. ಇಡೀ ಆಫೀಸು ತಲೆ ಎತ್ತಿತು. ಜವಾನ ಹೊಟ್ಟೆ ಹಿಡ್ಕೊಂಡು ನಗ್ತಾ, "ಹಗ್ಗ ತಂದಿದ್ಯೇನಪ್ಪಾ? ನಿಮ್ಮ ಲೆಕ್ಕದ ಮೇಷ್ಟ್ರು ಇವರೇ" ಅಂದ.

ನಾನು ಮೆಲ್ಲಗೆ ದೋಸ್ತನ ಬೆನ್ನ ಹಿಂದೆ ಸರಿದೆ. ನಾನು ಇನ್ನೊಬ್ಬರ ಹಿಂದೆ ಅಡಗೋದು ಅಂದ್ರೆ ಊರಿಗೆ ಗೊತ್ತಾಗೋ ಅಂಥಾ ಸಂಗತಿ.

ಅವರು ನಮ್ಮ ಸ್ಕೂಲಿಗೆ ಬಂದದ್ದು ನಿಜ. ಒಂದೇ ಒಂದು ದಿನ, ಅದೂ ಬೇಸಿಗೆ ರಜದಲ್ಲಿ. ಸೈನ್ ಹಾಕಿ ಜಾಯಿನ್ ಆದ್ರು. ಮಾರನೇ ದಿನವೇ ಈ ಆಫೀಸಿಂದ ಆರ್ಡರ್ ಹೋಯ್ತಂತೆ, ಕೈಬರಹ ಚೆನ್ನಾಗಿದೆ, ಲೆಕ್ಕ ಬರುತ್ತೆ, ಆಫೀಸಿನಲ್ಲಿ ಜನ ಸಾಲದು, ಕಳಿಸಿಕೊಡಿ ಅಂತ. ಡೆಪ್ಯುಟೇಶನ್ ಅಂತ ಅದರ ಹೆಸರು. ಸಂಬಳ ನಮ್ಮ ಸ್ಕೂಲಿನಲ್ಲಿ, ಮೇಜು ಶಿವಮೊಗ್ಗದಲ್ಲಿ. ಹೆಸರು ಸ್ಕೂಲಿನಲ್ಲಿ ಇರೋದ್ರಿಂದ ನಮ್ಮ ಹುದ್ದೆ ಭರ್ತಿ ಅಂತ ಲೆಕ್ಕ. ಹಾಗೆ ಆ ದೊಡ್ಡ ಹಾಳೆ ಮೇಲೆ ಬರೆಯೋರೂ ಅವರೇ. ವಾಪಸ್ಸು ಕಳಿಸಿ ಅಂತ ಅವರು ಕೇಳದೆ ಇರಲಿಲ್ಲ, ಸಾಹೇಬರು ಬಿಡಲಿಲ್ಲ.

ಊಟದ ಹೊತ್ತಿಗೆ ಅವರು ಬುತ್ತಿ ಬಿಚ್ಚಲಿಲ್ಲ. ನಮ್ಮನ್ನ ಆಫೀಸಿನ ಹಿಂದಿನ ಜಗಲಿಗೆ ಕರ್ಕೊಂಡು ಹೋಗಿ, ಹೆಂಚಿನ ಚೂರು ತಗೊಂಡು ನೆಲದ ಮೇಲೆ ಒಂದು ಲೆಕ್ಕ ಬರೆದ್ರು. ಒಂದು ಕೋಣೆ, ಉದ್ದ ಅಗಲಕ್ಕಿಂತ ಇಷ್ಟು ಜಾಸ್ತಿ, ನೆಲದ ಅಳತೆ ಇಷ್ಟು, ಅಗಲ ಎಷ್ಟು. ಗೊತ್ತಿಲ್ಲದ ಅಗಲಕ್ಕೆ ಒಂದು ಹೆಸರು ಇಡಬೇಕು, ಅಷ್ಟೇ, ಅದೇ ಎಕ್ಸ್ ಅಂದ್ರು. ದೋಸ್ತ ಮಂಡಿ ಊರಿ ಕೂತು ನೋಡಿದ. ಹೆಂಚಿನ ಚೂರು ಅವರ ಕೈಯಿಂದ ತಗೊಂಡ. ಎಕ್ಸ್ ಅಳಿಸಿ ವೈ ಬರೆದು, ತಾನೇ ಕೊನೇವರೆಗೆ ಮಾಡಿದ.

"ಇಷ್ಟೇನಾ ಸಾರ್?" ಅಂದ.

"ಇಷ್ಟೇ ಕಣಪ್ಪಾ" ಅಂದ್ರು ಮೇಷ್ಟ್ರು. ಅವರ ಮುಖ ನೋಡೋಕಾಗಲಿಲ್ಲ ನನಗೆ.

ಆಮೇಲೆ ಅವರು ಅರ್ಜಿನ ನಮ್ಮ ಕೈಗೆ ವಾಪಸ್ಸು ಕೊಟ್ಟರು. ಇದನ್ನ ಒಳಗೆ ಕೊಟ್ರೆ ಹುದ್ದೆ ಭರ್ತಿ ಇದೆ ಅಂತ ಉತ್ತರ ಬರುತ್ತೆ, ಆ ಉತ್ತರನೂ ನಾನೇ ಬರೀಬೇಕು. ಬದಲು ನಾನು ಭಾನುವಾರ ರೈಲಿಗೆ ಬರ್ತೀನಿ, ಪರೀಕ್ಷೆವರೆಗೆ ಬರ್ತೀನಿ ಅಂದ್ರು. ದೋಸ್ತ ಅರ್ಜಿನ ಅಲ್ಲೇ ಹರಿದು ಚಡ್ಡಿ ಜೇಬಿಗೆ ತುಂಬಿಕೊಂಡ. ಪೋಸ್ಟ್ ಡಬ್ಬಿಗೆ ಪ್ರತಿಗಳನ್ನ ಹಾಕಿದ್ದು ಅವನಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ನೆನಪಾಗಿದ್ರೂ ಆ ಡಬ್ಬಿ ಬಾಯಿಗೆ ಕೈ ಹಾಕಿ ಎಳೆಯೋಕೆ ಆಗ್ತಿತ್ತಾ.

ಮೇಷ್ಟ್ರು ಬಂದ್ರು. ಭಾನುವಾರ ಸ್ಕೂಲಿಗೆ ಬೀಗ ಇರೋದ್ರಿಂದ ದೋಸ್ತನ ಮನೆ ಜಗಲಿಯೇ ಕ್ಲಾಸು. ಮೊದಲ ವಾರ ನಾವಿಬ್ಬರೇ, ಆಮೇಲೆ ಕ್ಲಾಸಿನ ಅರ್ಧ ಜನ ಬೀದಿವರೆಗೆ ಕೂತ್ರು. ದೋಸ್ತನ ಅಮ್ಮಿ ಕೊಡ್ತಿದ್ದ ಚಾ ಎಷ್ಟು ಗಟ್ಟಿ ಅಂದ್ರೆ ಲೋಟ ತಲೆಕೆಳಗೆ ಮಾಡಿದ್ರೂ ಯೋಚನೆ ಮಾಡಿಯೇ ಬೀಳ್ತಿತ್ತು. ಒಳಗಿಂದ ಅಬ್ಬಾ ಕೆಮ್ಮು ತಡೆದುಕೊಂಡು ಪಾಠ ಕೇಳ್ತಿದ್ರು. ಮಗ ಉತ್ತರ ಹೇಳಿದಾಗ, ಸರಿಯೋ ತಪ್ಪೋ ಅವರಿಗೆ ಗೊತ್ತಿಲ್ಲ, "ಹೌದಾ ಸಾಬ್?" ಅಂತ ಒಳಗಿಂದಲೇ ಕೇಳ್ತಿದ್ರು. ಹೌದು ಅಂತ ಮೇಷ್ಟ್ರು ಗೋಡೆ ಕಡೆ ತಿರುಗಿ ಹೇಳ್ತಿದ್ರು.

ಸಂಕ್ರಾಂತಿ ಎಳ್ಳು ಬೀರೋ ಹೊತ್ತಿಗೆ ಬೆಂಗಳೂರಿನ ಪ್ರತಿ ತನ್ನ ಕೆಲಸ ಮಾಡಿ ಮುಗಿಸಿತ್ತು. ಅಲ್ಲಿಂದ ಶಿವಮೊಗ್ಗಕ್ಕೆ ಕೇಳಿದ್ರಂತೆ, ಮೇಷ್ಟ್ರಿದ್ದೂ ಮಕ್ಕಳು ಮೇಷ್ಟ್ರಿಲ್ಲ ಅಂತ ಯಾಕೆ ಅಳ್ತಿದ್ದಾರೆ ಅಂತ. ಶಿವಮೊಗ್ಗದವರು ಡೆಪ್ಯುಟೇಶನ್ ರದ್ದು ಮಾಡಿದ್ರು. ಇದಿಷ್ಟು ಸುದ್ದಿ ಹೆಡ್ ಮೇಷ್ಟ್ರು ಹೇಳಿದಾಗ ನಾನು ಬೆಂಚಿನ ಮೇಲೆ ಹತ್ತಿ ಕುಣಿದೆ. ಬೆಂಚು ಮುರೀತು, ಅದಕ್ಕೂ ಸ್ಯಾಂಕ್ಷನ್ ಇರಲಿಲ್ಲ. ಹೆಡ್ ಮೇಷ್ಟ್ರು ಬೈಯಲೂ ಇಲ್ಲ. ಉಳಿದ ಅರ್ಧ ಸುದ್ದಿನ ಕ್ರಾಫ್ಟ್ ಮೇಷ್ಟ್ರು ಆಮೇಲೆ ಹೇಳಿದ್ರು. ಮಕ್ಕಳನ್ನ ಎತ್ತಿ ಕಟ್ಟಿ ಬೆಂಗಳೂರಿಗೆ ದೂರು ಬರೆಸಿದ್ದು ಮೇಷ್ಟ್ರೇ ಅಂತ ಆಫೀಸಿನವರು ತೀರ್ಮಾನ ಮಾಡಿದ್ರಂತೆ. ಭಾನುವಾರ ಭಾನುವಾರ ಭದ್ರಾವತಿಗೆ ಹೋಗ್ತಿದ್ದದ್ದೇ ಸಾಕ್ಷಿ. ವಾಪಸ್ಸು ನಮ್ಮ ಸ್ಕೂಲಿಗೆ ಕಳಿಸಲಿಲ್ಲ. ಘಟ್ಟದ ಅಂಚಿನ ಒಂದು ಊರಿಗೆ ಹಾಕಿದ್ರು, ಹುದ್ದೆಯನ್ನೂ ಅವರ ಜೊತೆಗೇ ಎತ್ತಿ ಕಳಿಸಿದ್ರು. ಅಲ್ಲಿಗೆ ನಮ್ಮ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು ಇಲ್ಲ ಅನ್ನೋ ದೂರೇ ಇಲ್ಲದ ಹಾಗಾಯ್ತು. ಹುದ್ದೆ ಇದ್ರೆ ತಾನೇ ಖಾಲಿ ಇರೋದು.

ಆ ಭಾನುವಾರನೂ ಅಮ್ಮಿ ಚಾ ಇಟ್ಟಿದ್ರು. ನಾವು ಸ್ಟೇಷನ್ನಿಗೆ ಹೋಗಿ ರೈಲು ಬಂದು ಹೋಗೋದನ್ನ ನೋಡಿ ವಾಪಸ್ಸು ಬಂದೆವು. ಅವರಿಗೆ ಇತ್ತ ತಲೆ ಹಾಕಬಾರದು ಅಂತ ಹೇಳಿದ್ರೋ, ಹೊರಡೋಕೆ ಹೊತ್ತು ಸಿಗಲಿಲ್ಲವೋ, ಗೊತ್ತಾಗಲಿಲ್ಲ. ಜಾಮಿಟ್ರಿ ಪೂರ್ತಿ ಬಾಕಿ ಇತ್ತು. ದೋಸ್ತ ಮತ್ತೆ ಗೈಡು ತೆಗೆದು ಬಾಯಿಪಾಠ ಹೊಡೆಯೋಕೆ ಕೂತ. ತ್ರಿಕೋನಗಳನ್ನ ಬಾಯಿಪಾಠ ಮಾಡೋಕೆ ಪ್ರಯತ್ನ ಮಾಡಿದವನನ್ನ ನೀವು ನೋಡಿಲ್ಲ, ನಾನು ನೋಡಿದ್ದೀನಿ. ಮೊದಲಾಗಿದ್ರೆ ನಗ್ತಿದ್ದೆ.

ರಿಸಲ್ಟು ಬಂದಾಗ ನಾನು ಕೂದಲೆಳೆಯಲ್ಲಿ ಪಾಸು. ಪೇಪರ್ ನೋಡಿದ ಪುಣ್ಯಾತ್ಮರಿಗೆ ನಿದ್ದೆ ಬಂದಿರಬೇಕು. ಅವನು ಎಲ್ಲದರಲ್ಲೂ ನನಗಿಂತ ಮೇಲೆ, ಲೆಕ್ಕದಲ್ಲಿ ಮಾತ್ರ ಕೆಳಗೆ, ಒಟ್ಟಿನಲ್ಲಿ ಫೇಲು. ಆಲ್ಜೀಬ್ರಾ ಅಷ್ಟನ್ನೂ ಸರಿ ಮಾಡಿದ್ದೆ ಅಂತ ಎಲ್ಲರಿಗೂ ಹೇಳಿದ. ಯಾರೂ ನಂಬಲಿಲ್ಲ, ನಾನು ನಂಬಿದೆ. ಅವನ ಅಬ್ಬಾ ಗೋಡೆ ಕಡೆ ತಿರುಗಿ ಮಲಗಿದ್ರಂತೆ.

ಈಗ ಅವನು ಇದ್ದಿಲು ಸಾಗಿಸೋ ಲಾರಿಯಲ್ಲಿ ಕ್ಲೀನರ್. ಘಟ್ಟದ ಕಾಡಿಂದ ಇದ್ದಿಲು ತುಂಬಿ ತಂದು ಕಾರ್ಖಾನೆಗೆ ಸುರಿಯೋ ಲಾರಿ. ಅಬ್ಬಾ ಒಳಗೆ ಹೋಗ್ತಿದ್ದ ಗೇಟಿನಿಂದಲೇ ಇವನೂ ಹೋಗ್ತಾನೆ, ಲಾರಿ ಮೇಲೆ ಕೂತು. ಮೈಯೆಲ್ಲ ಕಪ್ಪು, ಹಲ್ಲು ಮಾತ್ರ ಬಿಳಿ. ನಾನೇ ಒಂದು ಸಲ ಗುರುತು ಸಿಗದೆ ದಾರಿ ಬಿಟ್ಟು ನಿಂತೆ.

ಹೋದ ತಿಂಗಳು ನಮ್ಮ ಅಂಗಡಿಗೆ ಬೀಡಿ ತಗೊಳ್ಳೋಕೆ ಬಂದಿದ್ದ, ಡ್ರೈವರಿಗೆ. ಮೇಷ್ಟ್ರನ್ನ ನೋಡಿದೆ ಅಂದ. ಘಟ್ಟದ ದಾರಿಯಲ್ಲಿ ಸೋಗೆ ಹೊದಿಸಿದ ಒಂದು ಸ್ಕೂಲು, ಒಬ್ಬರೇ ಮೇಷ್ಟ್ರು, ಚಿಕ್ಕ ಮಕ್ಕಳನ್ನ ಸಾಲಾಗಿ ಕೂರಿಸಿ ಅ ಆ ಇ ಈ ತಿದ್ದಿಸ್ತಿದ್ರಂತೆ. ನೀರು ಹಾಕೋಕೆ ಅಂತ ಲಾರಿ ಅಲ್ಲೇ ಎದುರಿಗೆ ಬಹಳ ಹೊತ್ತು ನಿಂತಿತ್ತಂತೆ. ಮೇಷ್ಟ್ರು ಎರಡು ಸಲ ಈ ಕಡೆ ನೋಡಿದ್ರು, ಮೈಯೆಲ್ಲ ಇದ್ದಿಲು, ನನ್ನ ಗುರುತು ಹತ್ತಲಿಲ್ಲ ಅಂದ.

ಹೋಗಿ ಮಾತಾಡಿಸಬೇಕಿತ್ತು ಮಾರಾಯ ಅಂದೆ.

ಅವನು ಬೀಡಿ ಕಟ್ಟನ್ನ ಜೇಬಿಗೆ ಹಾಕಿಕೊಂಡ. "ಮಾತಾಡಿಸಿದ್ರೆ ಪಾಸಾದ್ಯಾ ಅಂತ ಕೇಳ್ತಿದ್ರು ಕಣೋ" ಅಂದ. ಹೊರಗೆ ಡ್ರೈವರು ಹಾರ್ನ್ ಹೊಡೀತಿದ್ದ. ಅವನು ಓಡಿ ಹೋಗಿ ಲಾರಿ ಹತ್ತಿದ.