ನನ್ನದೇ ಬರಹಕ್ಕೆ ಆಧಾರ

ನಾನು ಕದ್ದಿದ್ದೇನೆ ಎಂದು ಮೊದಲು ಹೇಳಿದ್ದು ಒಂದು ಕಂಪ್ಯೂಟರು. ಅರ್ಧ ಆಯುಷ್ಯ ಕಾಲೇಜಿನಲ್ಲಿ ಪಾಠ ಹೇಳಿ, ಮಗಳನ್ನು ಹೈಸ್ಕೂಲು ದಾಟಿಸಿ, ಕೂದಲು ಬೆಳ್ಳಗಾಗುವ ಹೊತ್ತಿಗೆ ಪಿಎಚ್.ಡಿ.ಗೆ ಹೊರಟವಳು ನಾನು. ಈಗ ನೆನೆದರೆ ನಗು ಬರುತ್ತದೆ. ಆಗ ಮೈಯೆಲ್ಲ ಉರಿದುಹೋಗಿತ್ತು.

ನನ್ನ ವಿಷಯ, ಕನ್ನಡದ ಹೆಂಗಸರು ಅಂತರ್ಜಾಲದಲ್ಲಿ ಬರೆಯಲು ಶುರು ಮಾಡಿದ ಬಗೆ. ಮೊದಲ ಅಧ್ಯಾಯದಲ್ಲಿ ಜಾಲ ಹೇಗೆ ಬೆಳೆಯಿತು ಎಂದು ಹೇಳಲೇಬೇಕಿತ್ತು. ಮೊದಮೊದಲು ಅದು ಯಾರೋ ಹಾಕಿಟ್ಟ ಪುಟವನ್ನು ನಾವು ಓದಿ ಎದ್ದು ಬರುವ ಜಾಗ, ಅಷ್ಟೇ. ಆಮೇಲೆ ಬ್ಲಾಗುಗಳು ಬಂದವು. ನಮ್ಮಂಥವರೂ ಬರೆಯಬಹುದಾಯಿತು, ಬರೆದದ್ದರ ಕೆಳಗೆ ಯಾರು ಬೇಕಾದರೂ ಉತ್ತರ ಕೊಡಬಹುದಾಯಿತು. ಈಗಂತೂ ನಾವು ಯಾವುದನ್ನು ಎಷ್ಟು ಹೊತ್ತು ನೋಡುತ್ತೇವೆ ಎಂದು ಫೋನೇ ನಮ್ಮನ್ನು ಓದಿಕೊಂಡು ಕೂತಿರುತ್ತದೆ. ಇದರಲ್ಲಿ ನಡುವಿನ ಕಾಲದ ಬಗ್ಗೆ ನನಗೆ ಯಾವ ಪುಸ್ತಕವೂ ಬೇಕಿರಲಿಲ್ಲ. ಆಗ ನಾನೇ ಅಲ್ಲಿದ್ದೆ.

ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹಿಂದೆ, ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ ಸೈಬರ್ ಕೆಫೆ ಇತ್ತು. ಕಾಲೇಜು ಮುಗಿಸಿ ಗಿರಿನಗರದ ಬಸ್ಸು ಹಿಡಿಯುವ ಮೊದಲು ಅಲ್ಲಿ ಕೂತು ಬ್ಲಾಗು ಬರೆಯುತ್ತಿದ್ದೆ. ಹೆಸರು ಹಾಕುತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಹೇಗೆ ತಾನೇ ಹೇಳುವುದು? ಬರೆದದ್ದರಲ್ಲಿ ಅರ್ಧಕ್ಕರ್ಧ ಅತ್ತೆಯ ಮೇಲಿನ ದೂರು. ನಮ್ಮ ಅತ್ತೆಯದು ಗಿರಿನಗರದ ಕಡೆಯ ಹಳೆಯ ಹಳ್ಳಿಯ ಮನೆತನ. ಹೊಲಗಳೆಲ್ಲ ಲೇಔಟ್ ಆಗಿ ಹೋದರೂ ಹೊಲದ ಆ ತುದಿಯಲ್ಲಿರುವ ಆಳನ್ನು ಕೂಗುವ ದನಿ ಮಾತ್ರ ಹಾಗೇ ಉಳಿದಿತ್ತು. ಆ ದನಿಗೆ ಎದುರಾಡಲಾರದೆ ನುಂಗಿಕೊಂಡದ್ದನ್ನೆಲ್ಲ ಕೆಫೆಯ ಕೀಬೋರ್ಡಿನ ಮೇಲೆ ಕುಟ್ಟಿ, ಹಗುರಾಗಿ ಮನೆಗೆ ಹೋಗುತ್ತಿದ್ದೆ. ಮಗಳು ಹುಟ್ಟಿದ ಮೇಲೆ ಆ ಬರವಣಿಗೆ ನಿಂತುಹೋಯಿತು.

ಪ್ರಬಂಧ ಬರೆಯುವಾಗ ಆ ಹಳೆಯ ಬ್ಲಾಗಿನಿಂದ ಎರಡು ಪ್ಯಾರಾ ಎತ್ತಿ ಹಾಗೇ ಸೇರಿಸಿಕೊಂಡೆ. ನನ್ನ ಮನೆಯ ಜಾಡಿಯಿಂದ ನಾನು ಉಪ್ಪಿನಕಾಯಿ ತೆಗೆದುಕೊಳ್ಳಲು ಯಾರ ಅಪ್ಪಣೆ ಬೇಕು? ಆದರೆ ಈಗ ಪ್ರಬಂಧಗಳನ್ನೆಲ್ಲ ಮೊದಲು ಒಂದು ತಂತ್ರಾಂಶಕ್ಕೆ ಕೊಡುತ್ತಾರೆ. ಜಾಲದಲ್ಲಿ ಅದಾಗಲೇ ಇರುವ ಸಾಲು ಕಂಡರೆ ಅದು ಕೆಂಪು ಬಳಿದು ವಾಪಸು ಕಳಿಸುತ್ತದೆ. ನನ್ನ ಎರಡು ಪ್ಯಾರಾಗಳು ಕುಂಕುಮದ ಬಟ್ಟಲು ಮಗುಚಿದ ಹಾಗೆ ಬಂದವು.

ನನ್ನ ಮಾರ್ಗದರ್ಶಕಿ ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವರು. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು.

“ಇದು ಬೇರೆ ಯಾರದೋ ಬ್ಲಾಗಿಂದ ತಗೊಂಡಿದ್ದು ಅಂತ ತೋರಿಸ್ತಿದೆ ಮೇಡಂ.”

“ಬೇರೆ ಯಾರದೂ ಅಲ್ಲ ಮೇಡಂ. ನಂದೇ.”

“ನಿಮ್ಮದೇ ಆದ್ರೂ ಮೊದಲು ಎಲ್ಲಿ ಬಂದಿತ್ತು ಅಂತ ಹೇಳ್ಬೇಕಿತ್ತು. ಅದಿರ್ಲಿ, ನಿಮ್ಮದು ಅನ್ನೋದಕ್ಕೆ ಆಧಾರ?”

ಆಧಾರ ಎಂಬುದು ಅವರ ಬಾಯಲ್ಲಿ ದಿನಾ ಇರುವ ಮಾತು. ಒಮ್ಮೆ ನಾನು ‘ಆ ಕಾಲದಲ್ಲಿ ಹೆಂಗಸರೆಲ್ಲ ಹೆಸರು ಮುಚ್ಚಿಟ್ಟು ಬರೆಯುತ್ತಿದ್ದರು’ ಎಂದು ಬರೆದಿದ್ದೆ. ‘ಹೆಂಗಸರೆಲ್ಲ’ ಎನ್ನುವುದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, “ಎಲ್ಲರನ್ನೂ ನೀವು ಓದಿದೀರಾ?” ಎಂದು ಕೇಳಿದರು. ಓದಿರಲಿಲ್ಲ. ‘ನಾನು ಓದಿದ ಬ್ಲಾಗುಗಳಲ್ಲಿ ಹೆಚ್ಚಿನವು’ ಎಂದು ತಿದ್ದಿದೆ. ತಿದ್ದಿದ ಮೇಲೆ ಆ ಸಾಲು ಚಿಕ್ಕದಾಯಿತು, ಆದರೆ ಯಾರು ಬಂದು ಅಲ್ಲಾಡಿಸಿದರೂ ಅಲ್ಲಾಡದ ಹಾಗಾಯಿತು. ಗೊತ್ತಿರುವುದನ್ನು ಗೊತ್ತಿರುವಷ್ಟೇ ಹೇಳುವುದು, ಯಾರ ಮಾತೋ ಅವರ ಹೆಸರು ಹೇಳುವುದು. ಆ ಶಿಸ್ತು ನನಗೆ ನಿಜಕ್ಕೂ ಹಿಡಿಸಿತ್ತು. ಅದು ನನ್ನ ಕುತ್ತಿಗೆಗೇ ಬರುತ್ತದೆ ಎಂದುಕೊಂಡಿರಲಿಲ್ಲ.

ಬ್ಲಾಗಿನ ಖಾತೆಯೊಳಗೆ ಹೋಗಿ ತೋರಿಸಿದರೆ ಮುಗಿಯಿತಲ್ಲ ಎಂದು ಕೂತೆ. ಪಾಸ್‌ವರ್ಡು ಮರೆತಿತ್ತು. ಹಳೆಯ ಮೊಬೈಲ್ ನಂಬರಿಗೆ ಓಟಿಪಿ ಕಳಿಸುತ್ತೇನೆ ಎಂದಿತು. ಆ ನಂಬರನ್ನು ನಾನು ಬಿಟ್ಟು ಎಷ್ಟೋ ಕಾಲವಾಗಿತ್ತು. ಧೈರ್ಯ ಮಾಡಿ ಅದಕ್ಕೇ ಫೋನ್ ಮಾಡಿದೆ. ಎತ್ತಿದವರು ಬಿಟಿಎಂ ಲೇಔಟಿನಲ್ಲಿ ಹುಡುಗಿಯರ ಪೀಜಿ ನಡೆಸುವ ಒಬ್ಬ ಹೆಂಗಸು. ನನ್ನ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿದರು.

“ನೋಡಿ ಮೇಡಂ, ನಿಮ್ಮ ದನಿ ಕೇಳಿದ್ರೆ ಒಳ್ಳೇ ಮನೆಯೋರ ಥರಾನೇ ಇದೆ. ಆದ್ರೆ ಯಾರ್ ಕೇಳಿದ್ರೂ ಓಟಿಪಿ ಕೊಡ್ಬೇಡಿ ಅಂತ ನಮ್ಮ ಹುಡುಗೀರಿಗೆ ನಾನೇ ದಿನಾ ಬಡ್ಕೊಳ್ತೀನಿ. ನಾನೇ ಕೊಟ್ಬಿಟ್ರೆ?”

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಭಾನುವಾರ ಕಾಲೇಜಿನ ಐಡಿ ಕಾರ್ಡು ಹಿಡಿದುಕೊಂಡು ಅವರಲ್ಲಿಗೇ ಹೋದೆ. ಕಾರ್ಡನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿ, ಕಾಫಿ ಕೊಟ್ಟು, ಫೋನು ತಂದು ನನ್ನ ಮುಂದಿಟ್ಟರು. ಓಟಿಪಿ ಬಂತು, ಹಾಕಿದೆ. ಅಷ್ಟಕ್ಕೆ ತೃಪ್ತಿಯಾಗದೆ ಅದು ಖಾತೆ ತೆರೆದದ್ದು ಯಾವಾಗ ಎಂದು ಕೇಳಿತು. ನೆನಪಿದ್ದದ್ದನ್ನು ಹಾಕಿದೆ. ಈ ಖಾತೆ ನಿಮ್ಮದೆಂದು ಖಚಿತಪಡಿಸಲಾಗುತ್ತಿಲ್ಲ ಎಂದು ಮುಚ್ಚಿಕೊಂಡಿತು. “ಮನುಷ್ಯರಾದ್ರೆ ಮುಖ ನೋಡಿ ನಂಬ್ತಾರೆ, ಅದಕ್ಕೆಲ್ಲಿ ಮುಖ ಗೊತ್ತಾಗತ್ತೆ ಬಿಡಿ,” ಎಂದು ಆಕೆ ಇನ್ನೊಂದು ಲೋಟ ಕಾಫಿ ಬಗ್ಗಿಸಿದರು.

ಉಳಿದದ್ದು ಎರಡೇ ದಾರಿ. ಆ ಪ್ಯಾರಾಗಳನ್ನು ಕಿತ್ತುಹಾಕಬೇಕು, ಇಲ್ಲವೇ ಉದ್ಧರಣ ಚಿಹ್ನೆಯೊಳಗಿಟ್ಟು ಕೆಳಗೆ ‘ಲೇಖಕರು ತಿಳಿದಿಲ್ಲ’ ಎಂದು ಅಡಿಟಿಪ್ಪಣಿ ಹಾಕಬೇಕು. ಕಿತ್ತುಹಾಕಲು ಮನಸ್ಸಾಗಲಿಲ್ಲ. ಇಡೀ ಪ್ರಬಂಧದಲ್ಲಿ ಉಸಿರಾಡುತ್ತಿದ್ದದ್ದು ಆ ಎರಡೇ ಪ್ಯಾರಾ. ಉಳಿದ ಕಡೆಯೆಲ್ಲ ‘ಸಂವಾದಾತ್ಮಕ ಆಯಾಮ’, ‘ಅಸ್ಮಿತೆಯ ಪುನರ್ರಚನೆ’ ಎಂದು ನಾನೇ ಗುಡ್ಡೆ ಹಾಕಿದ್ದೆ. ನನ್ನ ಮಾತಿನ ಕೆಳಗೆ ನನ್ನ ಕೈಯಾರೆ ‘ಲೇಖಕರು ತಿಳಿದಿಲ್ಲ’ ಎಂದು ಟೈಪು ಮಾಡಿದ ದಿನ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅತ್ತೆ ಬಂದು ಏನಾಯ್ತೇ ಎಂದರು. ಈರುಳ್ಳಿ ಎಂದೆ. ಆವತ್ತು ಏಕಾದಶಿ, ಮನೆಯಲ್ಲಿ ಈರುಳ್ಳಿ ಮುಟ್ಟುವುದಿಲ್ಲ. ಅವರು ಈಳಿಗೆಮಣೆಯ ಕಡೆ ಒಮ್ಮೆ ನೋಡಿ ಹೋದರು.

ಮೌಖಿಕ ಪರೀಕ್ಷೆಗೆ ಅತ್ತೆಯೂ ಹೊರಟು ನಿಂತರು. “ಡಾಕ್ಟ್ರು ಆಗ್ತಾಳಂತೆ, ನಾನೂ ನೋಡ್ಬೇಕು,” ಎಂದು ರೇಷ್ಮೆ ಸೀರೆ ಉಟ್ಟು, ಹಿಂದಿನ ಸಾಲಿನ ಕುರ್ಚಿಯಲ್ಲಿ ಕೋಲು ಹಿಡಿದು ಕೂತರು. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ನನ್ನ ಉತ್ತರಗಳನ್ನೆಲ್ಲ ಕೇಳಿಸಿಕೊಂಡು, ಕೊನೆಗೆ ಮೊದಲ ಅಧ್ಯಾಯ ತೆರೆದರು.

“ನಿಮ್ಮ ಕೆಲಸ ಅಚ್ಚುಕಟ್ಟಾಗಿದೆ. ಆದ್ರೆ ಇದ್ರಲ್ಲಿ ನಂಗೆ ತುಂಬ ಇಷ್ಟ ಆಗಿದ್ದು ನೀವು ಬರ್ದಿದ್ದಲ್ಲ. ಈ ಯಾರೋ ಬ್ಲಾಗಿನವರ ಮಾತು. ಬೇಜಾರ್ ಮಾಡ್ಕೋಬೇಡಿ, ಇವರನ್ನ ನೋಡಿ ನೀವು ಬರೆಯೋದು ಕಲೀಬೇಕು,” ಎಂದು ಎಲ್ಲರಿಗೂ ಕೇಳುವ ಹಾಗೆ ಓದಿದರು.

‘ಇವತ್ತು ಅತ್ತೆ ನನ್ನ ಸಾರನ್ನು ತಟ್ಟೆಯ ಅಂಚಿಗೆ ಸರಿಸಿ, ಕಾಲೇಜಲ್ಲಿ ಪಾಠ ಹೇಳೋರ ಸಾರು ಹಿಂಗೇ, ವಿವರಣೆ ಜಾಸ್ತಿ, ರುಚಿ ಕಮ್ಮಿ ಎಂದರು. ಇಲ್ಲಿ ಬಂದು ಅದನ್ನು ಬರೆದೆ. ಸ್ವಲ್ಪ ಹೊತ್ತಿನಲ್ಲೇ ಯಾರೋ ಕೆಳಗೆ, ನಮ್ಮ ಮನೆಯಲ್ಲೂ ಹೀಗೇ ಎಂದು ಬರೆದರು. ಅವರು ಯಾರೋ, ಯಾವ ಊರೋ. ನಾಳೆ ಸಾರು ಕುದಿಸುವಾಗ ನಾನು ಒಬ್ಬಳೇ ಇರುವುದಿಲ್ಲ.’

ನಾನೇ ಎಂದರೆ ಹಿಂದೆ ಅತ್ತೆ ಕೂತಿದ್ದಾರೆ. ಅಲ್ಲ ಎಂದರೆ ಆ ಮಾತು ಎಂದೆಂದಿಗೂ ಅನಾಥ. ಮಾರ್ಗದರ್ಶಕಿ ನನ್ನ ಕಡೆ ನೋಡಿ ತಲೆ ಬಗ್ಗಿಸಿದರು.

“ಅದು ನಾನೇ ಸಾರ್,” ಎಂದೆ. “ಸಾಬೀತು ಮಾಡೋಕೆ ನನ್ನತ್ರ ಏನೂ ಇಲ್ಲ.”

ಪರೀಕ್ಷಕರು ಕನ್ನಡಕ ತೆಗೆದರು. ಆಗ ಹಿಂದಿನಿಂದ ಆ ಹೊಲದ ದನಿ ಬಂತು.

“ಅವಳೇ ಸ್ವಾಮಿ. ಆ ಮಾತು ಅಂದಿದ್ದು ನಾನು. ಅಡುಗೆಮನೇಲಿ ನಾವಿಬ್ರೇ ಇದ್ದಿದ್ದು.”

ನಾನು ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಪರೀಕ್ಷಕರು ನಕ್ಕು, ಅಡಿಟಿಪ್ಪಣಿ ತಿದ್ದಿಕೊಳ್ಳಿ ಎಂದು ಹೇಳಿ ಬರೆಸಿದರು: ‘ಈ ಬರಹ ತಮ್ಮದೆಂದು ಸಂಶೋಧಕಿ ಹೇಳುತ್ತಾರೆ. ಅದರಲ್ಲಿ ಬರುವ ಮಾತು ತಮ್ಮದೆಂದು ಅವರ ಅತ್ತೆ ಮೌಖಿಕವಾಗಿ ತಿಳಿಸಿದ್ದಾರೆ.’ ಬರೆದುಕೊಂಡ ಮಾರ್ಗದರ್ಶಕಿ, “ಇದಕ್ಕೆ ಆಧಾರ ಇದೆ,” ಎಂದರು. ನನಗೆ ಆ ಗಳಿಗೆಯಲ್ಲಿ ಪದವಿಗಿಂತ ಆ ಎರಡು ಸಾಲು ದೊಡ್ಡದಾಗಿ ಕಂಡವು.

ವಾಪಸು ಬರುವಾಗ ಆಟೋದಲ್ಲಿ ಅತ್ತೆ ಬನಶಂಕರಿ ಬರುವವರೆಗೂ ಕೋಲಿನ ಹಿಡಿ ಸವರುತ್ತ ಕೂತಿದ್ದರು. ಆಮೇಲೆ, “ಇನ್ನೂ ಏನೇನ್ ಬರ್ದಿದೀಯ ನನ್ನ ಮೇಲೆ, ಓದು,” ಎಂದರು. ಖಾತೆಯ ಒಳಗೆ ಹೋಗಲು ನನಗೆ ಆಗದಿದ್ದರೂ ಪುಟವನ್ನು ಓದಲು ಯಾರ ತಡೆಯೂ ಇರಲಿಲ್ಲ. ಫೋನು ತೆಗೆದು ಓದಿದೆ. ಕೆಲವು ಕಡೆ ದನಿ ತಗ್ಗಿಸಿದೆ. “ಗಟ್ಟಿಯಾಗ್ ಓದು, ಕೇಳಲ್ಲ,” ಎಂದರು. ಸಿಗ್ನಲ್ಲುಗಳಲ್ಲಿ ಆಟೋದವನೂ ಕಿವಿ ಕೊಟ್ಟು ಕೇಳಿಸಿಕೊಳ್ಳುತ್ತಿದ್ದ.

“ಇದನ್ನೆಲ್ಲ ಈಗ ತಿದ್ದಕ್ಕಾಗಲ್ವಾ?”

“ಆಗಲ್ಲ ಅತ್ತೆ. ನಂಗೇ ಒಳಗೆ ಬಿಡಲ್ಲ.”

“ಹೋಗ್ಲಿ, ಇರ್ಲಿ ಬಿಡು. ಅಂದಿದ್ದು ಸುಳ್ಳೇನಲ್ವಲ್ಲ.” ಸ್ವಲ್ಪ ದೂರ ಹೋದ ಮೇಲೆ, “ಕೆಳಗಡೆ ಯಾರ್ ಬೇಕಾದ್ರೂ ಬರೀಬೋದು ಅಂತ ಪರೀಕ್ಷೇಲಿ ಹೇಳ್ತಿದ್ಯಲ್ಲ. ಬರಿ ಮತ್ತೆ,” ಎಂದರು.

“ಏನಂತ?”

“ಈಗ ಸಾರು ಚೆನ್ನಾಗ್ ಮಾಡ್ತಾಳೆ ಅಂತ.”

ಬರೆದೆ. ಹೆಸರು ಕೇಳಿತು. ಅತ್ತೆ ಅಂತ ಹಾಕು ಎಂದರು, ಹಾಕಿದೆ. ಕಳಿಸಿದ ತಕ್ಷಣ ಪರದೆಯ ಮೇಲೆ ಒಂದು ಸಾಲು ಬಂತು. ಓದಲು ಹೋದರೆ ಕಣ್ಣು ಮಂಜಾಯಿತು.

“ಏನಂತೆ?”

“ಬ್ಲಾಗು ಬರೆದವರು ಒಪ್ಪಿಗೆ ಕೊಡೋವರ್ಗೂ ಇದು ಯಾರಿಗೂ ಕಾಣಲ್ಲವಂತೆ ಅತ್ತೆ.”

“ನೀನು ಒಪ್ಪಿದ್ಯಾ?”

“ಒಪ್ಪಿದೀನಿ.”

“ಆಯ್ತಲ್ಲ ಮತ್ತೆ,” ಎಂದು ಅತ್ತೆ ಸೆರಗು ಸರಿಮಾಡಿಕೊಂಡು ಆಚೆ ನೋಡತೊಡಗಿದರು.