ಮಗುವಿನ ತೂಕ

ಅಮೆರಿಕದಲ್ಲಿ, ನಮ್ಮ ಕೌಂಟಿಯ ಅಂದರೆ ಜಿಲ್ಲೆಯ ಆರೋಗ್ಯ ಇಲಾಖೆಯಲ್ಲಿ ಹುಟ್ಟು-ಸಾವಿನ ಅಂಕಿಅಂಶ ನೋಡಿಕೊಳ್ಳೋದು ನನ್ನ ಕೆಲಸ. ಊರ ಮಕ್ಕಳ ತೂಕವೆಲ್ಲ ನನಗೆ ಗೊತ್ತು, ಆದರೆ ನನ್ನ ಮಗಳ ತೂಕ ಮಾತ್ರ ಯಾರಿಗೂ ಹೇಳೋ ಹಾಗಿಲ್ಲ. ಮೈಸೂರಿನಿಂದ ಬಾಣಂತನಕ್ಕೆ ಬಂದಿರೋ ಅಮ್ಮನ ಕಟ್ಟಪ್ಪಣೆ.

ಮೊನ್ನೆ ಮುಕಿಲ್ಟಿಯೊ ಊರಿಂದ ದ್ವೀಪಕ್ಕೆ ಹೋಗೋ ಫೆರಿ ಹಡಗಿನಲ್ಲಿ ಪಕ್ಕ ಕೂತಿದ್ದ ಅಮೆರಿಕನ್ ಅಜ್ಜಿಯೊಬ್ಬರು ಮಗುವನ್ನು ಎತ್ತಿಕೊಳ್ಳಲಾ ಅಂತ ಕೇಳಿದರು. ಐವತ್ತರ ದಶಕದಲ್ಲಿ ಈ ಕಡೆ ಹೊಸ ಬಡಾವಣೆಗಳು ಎದ್ದಾಗ ಅವರು ನರ್ಸ್ ಆಗಿದ್ದರಂತೆ, ಮನೆಮನೆಗೆ ಹೋಗಿ ಎಳೆಮಕ್ಕಳನ್ನು ತೂಗುತ್ತಿದ್ದರಂತೆ. ಅದೇ ಅಭ್ಯಾಸದಲ್ಲಿ ಮಗುವನ್ನು ಕೈಯಲ್ಲೇ ತೂಗಿ, "ಅಬ್ಬಾ, ಏನು ಭಾರ! ಎಷ್ಟು ಗುಂಡುಗುಂಡಗಿದೆ!" ಅಂತ ಇಡೀ ಫೆರಿಗೆ ಕೇಳೋ ಹಾಗೆ ಅಂದರು.

ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಇದು ಅರ್ಥವಾಯಿತು. ಬ್ಯಾಗಿನಿಂದ ಕಾಡಿಗೆ ಡಬ್ಬಿ ತೆಗೆದು ಮಗುವಿನ ಕೆನ್ನೆಗೆ ಬೊಟ್ಟಿಟ್ಟಳು. "ಹಾಗೆಲ್ಲ ಹೊಗಳಬಾರದು, ದೃಷ್ಟಿ ಆಗುತ್ತೆ ಅಂತ ಹೇಳೇ ಅವರಿಗೆ."

ನಾಚಿಕೊಂಡೇ ಹೇಳಿದೆ. ಅಜ್ಜಿ ಸ್ವಲ್ಪ ಯೋಚಿಸಿ, ಮಗುವಿಗೆ ಗಂಭೀರವಾಗಿ "ಛೆ, ಎಂಥಾ ಬಡಕಲು ಮಗು!" ಅಂದರು. ಆಮೇಲೆ ತಮ್ಮ ಕೆನ್ನೆಯನ್ನೂ ಅಮ್ಮನ ಮುಂದೆ ಒಡ್ಡಿದರು. "ತೊಂಬತ್ತು ದಾಟಿದೀನಿ, ಇನ್ನೂ ಗಟ್ಟಿಮುಟ್ಟಾಗಿದೀನಿ. ನನಗೂ ಒಂದಿರಲಿ."

ಅಮ್ಮ ಇಟ್ಟೇಬಿಟ್ಟಳು.

ಸೋಮವಾರ ಆಫೀಸಿನಲ್ಲಿ ಹೊಸ ಮಕ್ಕಳ ತೂಕದ ಗ್ರಾಫ್ ಮಾಡಿದೆ, ಒಂದೊಂದು ಮಗುವಿಗೂ ಒಂದೊಂದು ಚುಕ್ಕೆ. ಈ ಸಲ ಎಲ್ಲರ ತೂಕ ಎಷ್ಟು ಚೆನ್ನಾಗಿತ್ತೆಂದರೆ ನನಗೇ ಹೆದರಿಕೆಯಾಗಿ, ಮೂಲೆಯಲ್ಲೊಂದು ಕಪ್ಪು ಬೊಟ್ಟಿಟ್ಟೆ. ಈಗ ನಮ್ಮ ಬಾಸ್, ಆ ಮಗು ಯಾಕೆ ಒಂದೇ ಅಷ್ಟು ದೂರ ಇದೆ, ತಕ್ಷಣ ನರ್ಸನ್ನು ಕಳಿಸಿ ಅಂತ ಕೂತಿದಾರೆ.