ಎಡಗಡೆ ಮುಂಚಕ್ರದ ಸದ್ದು

ಅವರ ಬಲಗೈ ಹೆಬ್ಬೆರಳಿಗೆ ಅರ್ಧ ಉಗುರು ಮಾತ್ರ ಇತ್ತು. ಬೇರಿಂಗ್ ಕೂರುವ ಉಕ್ಕಿನ ಬಳೆಯೊಳಗೆ ಆ ಬೆರಳನ್ನು ಮೆಲ್ಲಗೆ ಸುತ್ತಿಸಿ, ಕಣ್ಣು ಮುಚ್ಚಿಕೊಂಡು, ಎಲ್ಲಿ ತರಿ ಇದೆಯೆಂದು ಹುಡುಕುತ್ತಿದ್ದರು. ಶಿಡ್ಲಘಟ್ಟದಿಂದ ದಿಬ್ಬೂರಹಳ್ಳಿಗೆ ಬರುವ ರಸ್ತೆಯಲ್ಲಿ, ಹುಣಸೆಮರದ ಕೆಳಗೆ ಅವರ ಗ್ಯಾರೇಜು. ನಾವೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ಮನುಷ್ಯರ ಜೊತೆ ಕನ್ನಡ, ಗಾಡಿಗಳ ಜೊತೆ ತೆಲುಗು ಅವರದು. ತುಕ್ಕು ಹಿಡಿದ ನಟ್ಟು ಬರದಿದ್ದರೆ ಅದರ ಹತ್ತಿರ ಮುಖವಿಟ್ಟು, "ರಾವೇ ತಲ್ಲೀ, ರಾ" ಎಂದು ಹಟಮಾರಿ ಮಗುವನ್ನು ಕರೆಯುವಂತೆ ಕರೆಯುತ್ತಿದ್ದರು.

ಮಕ್ಕಳೇ, ಅಜ್ಜಿ ಕಾರು ಓಡಿಸುತ್ತಾಳೆ ಎಂದು ನೀವು ಎಲ್ಲರ ಮುಂದೆ ಹೇಳಿಕೊಳ್ಳುತ್ತೀರಿ. ನನಗೆ ನಾಚಿಕೆಯಾಗುತ್ತದೆ. ಅದಕ್ಕೇ ಇದನ್ನು ಬಾಯಲ್ಲಿ ಹೇಳದೆ ಬರೆಯುತ್ತಿದ್ದೇನೆ.

ನಿಮ್ಮ ತಾತನಿಗೆ ಮಂಡಿನೋವು ಹೆಚ್ಚಾದಾಗ, ಹಿಪ್ಪುನೇರಳೆ ತೋಟದ ದಾರಿಯಲ್ಲಿ ನನಗೆ ಕಾರು ಕಲಿಸಿದ್ದರು. ಅವರು ಪಕ್ಕದಲ್ಲಿದ್ದರೆ ಓಡಿಸುತ್ತಿದ್ದೆ. ಅವರು ಹೋದ ಮೇಲೆ ಕಾರು ಕೊಟ್ಟಿಗೆಯಲ್ಲೇ ನಿಂತಿತು. ಆದರೆ ರೇಷ್ಮೆಗೂಡು ನಮ್ಮ ದುಃಖಕ್ಕೆ ಕಾಯುತ್ತದೆಯೇ? ಬಿಡಿಸಿದ ಮೇಲೆ ಮಾರಲು ತಡಮಾಡಿದರೆ ಚಿಟ್ಟೆ ತೂತು ಕೊರೆದು ಹೊರಗೆ ಬರುತ್ತದೆ. ಪ್ರತಿ ಬೆಳೆಗೂ ಗೂಡು ಸಾಗಿಸಲು ಒಬ್ಬೊಬ್ಬರ ಬಾಗಿಲಲ್ಲಿ ನಿಂತು ಸಾಕಾಯಿತು. ಒಂದು ದಿನ ಕಾರು ಹೊರಗೆ ತೆಗೆದೆ. ಮುಂದಿನ ಚಕ್ರದಿಂದ ರಾಗಿ ಬೀಸುವಂಥ ಸದ್ದು ಬಂತು.

"ಅತ್ತಿಗೆ, ಇದು ಗುಜರಿಗೆ ಹೋಗೋ ಗಾಡಿ. ಮೇಸ್ತ್ರಿಗೆ ಒಂದ್ಸಲ ತೋರಿಸಿ ಕೊಟ್ಬಿಡಣ" ಎಂದ ನನ್ನ ಮೈದುನ. ಅವನಿಗೆ ಟ್ರ್ಯಾಕ್ಟರ್ ಓಡಿಸಲು ಮಾತ್ರ ಬರುತ್ತಿತ್ತು, ಕಾರು ಬರುತ್ತಿರಲಿಲ್ಲ. ಗ್ಯಾರೇಜಿನವರೆಗೂ ನಾನು ನಿಧಾನವಾಗಿ ಓಡಿಸಿದೆ, ಅವನು ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡು ಪಕ್ಕದಲ್ಲಿ ಕೂತ. ಕಾರು ಹೋದರೆ ನಾನು ಮತ್ತೆ ಇನ್ನೊಬ್ಬರ ಬಾಗಿಲಿಗೇ ಎಂಬುದೊಂದೇ ನನ್ನ ತಲೆಯಲ್ಲಿತ್ತು.

"ಅಮ್ಮಾ, ಸದ್ದು ಯಾವಾಗ ಜಾಸ್ತಿ?" ಎಂದರು ಮೇಸ್ತ್ರಿ.

"ಯಾವಾಗ್ಲೂ ಬರ್ತದಪ್ಪ" ಎಂದ ಮೈದುನ.

"ನಿಮ್ಮನ್ನ ಕೇಳ್ಲಿಲ್ಲ ಗೌಡ್ರೇ. ಸ್ಟೇರಿಂಗ್ ಹಿಡ್ದೋರನ್ನ ಕೇಳ್ತಿದೀನಿ."

ಬಲಕ್ಕೆ ತಿರುಗಿಸಿದಾಗ ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು.

"ಹಂಗಾದ್ರೆ ಎಡಗಡೆ ಚಕ್ರ."

"ಬಲಕ್ಕೆ ಅಂದ್ರೆ ಎಡಗಡೆ ಹೆಂಗಯ್ಯಾ?"

"ತಲೆ ಮ್ಯಾಲೆ ಗೂಡಿನ ಬುಟ್ಟಿ ಇಟ್ಕೊಂಡು ಓಡ್ತಾ ಓಡ್ತಾ ಬಲಕ್ಕೆ ತಿರುಗಿ. ಭಾರ ಯಾವ ಕಾಲಿಗೆ ಬೀಳ್ತದೆ?"

ಚಕ್ರ ಬಿಚ್ಚಿದರು. ಗ್ರೀಸ್ ಸೀಲು ಹರಿದು, ಒಳಗಿನ ಗ್ರೀಸೆಲ್ಲ ಸೋರಿ, ಮಣ್ಣು ಸೇರಿತ್ತು. ಆ ಹೆಬ್ಬೆರಳು ಒಂದು ಕಡೆ ನಿಂತಿತು. "ಬಳೇನೂ ಹೋಗಿದೆ. ಎಲ್ಲಾ ಹೊಸದು ಹಾಕಣ. ಗಾಡಿ ಗುಜರಿಗೆ ಬೇಡ, ಇನ್ನೂ ನಮ್ಮಷ್ಟು ವಯಸ್ಸಾಗಿಲ್ಲ ಇದಕ್ಕೆ" ಎಂದರು. ಅಂಗೈಯಲ್ಲಿ ಗ್ರೀಸಿನ ಮುದ್ದೆ ಇಟ್ಟುಕೊಂಡು, ಹೊಸ ಬೇರಿಂಗನ್ನು ಅದಕ್ಕೆ ಒತ್ತಿ ಒತ್ತಿ, ಇನ್ನೊಂದು ಮಗ್ಗುಲಿನಿಂದ ಗ್ರೀಸು ಇಣುಕುವವರೆಗೂ ತುಂಬಿದರು. ಹೊಸ ಸೀಲಿನ ಮೇಲೆ ಮರದ ತುಂಡಿಟ್ಟು ಸುತ್ತಲೂ ಮೆತ್ತಗೆ ತಟ್ಟಿ ಕೂರಿಸಿದರು. ಚಕ್ರ ತಿರುಗಿಸುತ್ತಾ ನಟ್ಟು ಬಿಗಿದು, ಮತ್ತೆ ಸ್ವಲ್ಪ ಸಡಿಲಿಸಿದರು.

"ಪೂರ್ತಿ ಬಿಗಿದ್ರೆ ಸುಟ್ಟುಹೋಗ್ತದೆ ಗೌಡ್ರೇ. ಮನೇಲೂ ಅಷ್ಟೇಯಾ" ಎಂದು ನಕ್ಕರು. ಮೈದುನ ನಗಲಿಲ್ಲ.

ಚಕ್ರ ಬಿಚ್ಚಿದ ಯಾವ ಗಾಡಿಯನ್ನೂ ಅವರು ಚಕ್ರದಡಿ ನಿಂಬೆಹಣ್ಣು ಇಡದೆ ಹೊರಗೆ ಬಿಡುತ್ತಿರಲಿಲ್ಲ. ಎರಡು ಹಣ್ಣು ತಂದು ನನ್ನ ಮುಂದೆ ಹಿಡಿದರು. ನಾನು ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಹಿಂದೆ ಸರಿದೆ. ಗಂಡ ಹೋದವಳು ಇಂಥ ಶುಭದ ಕೆಲಸಕ್ಕೆ ಕೈ ಹಾಕುವುದು ನಮ್ಮಲ್ಲಿ ಇರಲಿಲ್ಲ.

"ಅತ್ತಿಗೆ ಬೇಡ, ನಾನಿಡ್ತೀನಿ" ಎಂದ ಮೈದುನ. ಕೆಟ್ಟ ಮನಸ್ಸಿನಿಂದಲ್ಲ. ನನ್ನ ಮುಜುಗರ ತಪ್ಪಿಸಲೆಂದೇ.

"ಇಡಿ ಸ್ವಾಮಿ, ಬೇಡ ಅಂದೋರ್ಯಾರು? ಆದ್ರೆ ಇಟ್ಟೋರೇ ಗಾಡಿ ಓಡಿಸ್ಕೊಂಡು ಹೋಗ್ಬೇಕು. ನನ್ನ ಗ್ಯಾರೇಜಿನ ಪದ್ಧತಿ."

ಮೈದುನ ಕಾರನ್ನು ನೋಡಿದ, ರಸ್ತೆಯನ್ನು ನೋಡಿದ, ನನ್ನನ್ನು ನೋಡಿದ. ಕೊನೆಗೆ, "ನೀವೇ ಇಡಿ ಅತ್ತಿಗೆ, ಹೊತ್ತಾಗ್ತದೆ" ಎಂದ.

ಇಟ್ಟೆ. ಎರಡು ಮುಂಚಕ್ರಕ್ಕೂ ಒಂದೊಂದು. ಮೇಸ್ತ್ರಿ ಬೇರೆ ಕಡೆ ತಿರುಗಿಕೊಂಡು ಸ್ಪ್ಯಾನರು ಒರೆಸುತ್ತಿದ್ದರು.

ಅಂಥ ಪದ್ಧತಿ ಅವರಲ್ಲಿ ಮೊದಲು ಇತ್ತೋ, ಆಗಲೇ ಹುಟ್ಟಿತೋ, ನಾನು ಎಂದೂ ಕೇಳಲಿಲ್ಲ. ಅಲ್ಲಿಂದ ಮುಂದೆ ನಮ್ಮ ಗೂಡು ಮಾರುಕಟ್ಟೆಗೆ ಹೋದದ್ದೆಲ್ಲ ನನ್ನ ಕೈಯಲ್ಲೇ.

ಹೋದ ವರ್ಷ ಮೇಸ್ತ್ರಿ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದ ಮೇಲೂ ಅವರ ಹೆಂಡತಿ ಹೊಸಿಲು ದಾಟುತ್ತಿಲ್ಲ ಎಂದು ಕೇಳಿ, ಒಂದು ಬೆಳಿಗ್ಗೆ ಅವರ ಮನೆ ಮುಂದೆ ಕಾರು ನಿಲ್ಲಿಸಿದೆ. ಹೊರಡಿಸಲು ಸಾಕುಸಾಕಾಯಿತು. ಆಕೆ ತಲೆ ತಗ್ಗಿಸಿಕೊಂಡು ಬಂದು ಹಿಂದಿನ ಬಾಗಿಲಿಗೆ ಕೈ ಹಾಕಿದರು. ನಾನು ಮುಂದಿನ ಬಾಗಿಲು ತೆರೆದೆ.

"ಮುಂದೆ ಕೂತ್ರೆ ಜನ ನೋಡ್ತಾರಮ್ಮ" ಎಂದರು.

"ನೋಡ್ಲಿ ಬಾರಮ್ಮ" ಎಂದೆ. "ಎಲ್ಲಿಗೆ ಹೋಗಣ, ಹೇಳು."